ಹಳೆ ಮನೆ, ಹಳೆ ಸಾಮಾನು

ಕತ್ತಲಗೆರೆಯ ನಮ್ಮ ಕಲಿಕಾ ಕೇಂದ್ರದವರೆಲ್ಲ ಸೇರಿ ಒಂದು ದಿನ ಕುಪ್ಪಳಿಗೆ ಹೋಗಿದ್ದೆವು. ಕುಪ್ಪಳಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಊರು. 1997ರವರೆಗೆ ನಮ್ಮ ಚನ್ನಗಿರಿ ತಾಲ್ಲೂಕೂ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಆಮೇಲೆ ದಾವಣಗೆರೆ ಜಿಲ್ಲೆಗೆ ಸೇರಿತು.

ಕುಪ್ಪಳಿಯಲ್ಲಿ ಒಂದು ದೊಡ್ಡ ಹಳೆ ಮನೆ ಇದೆ. ಅದು ಕವಿ ಕುವೆಂಪು ಅವರ ಮನೆತನದ ಮನೆ. ಕುವೆಂಪು ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಆಡಿ ಬೆಳೆದದ್ದು ಈ ಮನೆಯಲ್ಲಿ. ಮೂರು ಅಂತಸ್ತಿನ ಹೆಂಚಿನ ಮನೆ. ನಡುವೆ ಅಂಗಳ. ಸುತ್ತ ಮರದ ಕಂಬಗಳು.

ಈಗ ಅದು ವಸ್ತು ಸಂಗ್ರಹಾಲಯ. ಅಂದರೆ, ಹಳೆ ಸಾಮಾನುಗಳನ್ನು ಜೋಪಾನವಾಗಿಟ್ಟು ಎಲ್ಲರಿಗೂ ತೋರಿಸುವ ಜಾಗ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಮನೆಯನ್ನು ದುರಸ್ತಿ ಮಾಡಿಸಿ ಉಳಿಸಿದ್ದಾರೆ. ಅಲ್ಲಿ ಕವಿಯ ಪುಸ್ತಕಗಳಿವೆ, ಫೋಟೊಗಳಿವೆ. ಅಡಿಗೆಮನೆ ಪಾತ್ರೆ, ಮನೆ ಬಳಕೆಯ ಸಾಮಾನೂ ಇವೆ. ಹತ್ತಿರದ ಗುಡ್ಡವೇ ಕವಿಶೈಲ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿ ಅಲ್ಲೇ ಇದೆ.

ಸಾಮಾನುಗಳನ್ನು ನೋಡುತ್ತಾ ನಮ್ಮ ಜೊತೆಗಿದ್ದ ಅಜ್ಜಿಯೊಬ್ಬರು ಸುಮ್ಮನೆ ನಿಂತುಬಿಟ್ಟರು.

“ಯಾಕಜ್ಜಿ?” ಎಂದೆವು.

“ನಮ್ಮನೇಲೂ ಇಂಥವು ಇದ್ವು ಮೇಷ್ಟ್ರೇ. ಹೊಸ ಮನೆ ಕಟ್ಟುವಾಗ ಕಬ್ಬಿಣದ ಕೊಳಗಾನ ಗುಜರಿಯೋನಿಗೆ ಹಾಕಿಬಿಟ್ವಿ. ನಮ್ಮತ್ತೆ ಕಾಲದ್ದು” ಎಂದರು.

ಕೊಳಗ ಏನೆಂದು ನಮ್ಮ ಜೊತೆಗಿದ್ದ ಹುಡುಗರಿಗೆ ಗೊತ್ತಿರಲಿಲ್ಲ. ಅಜ್ಜಿ ಹೇಳಿದರು: “ಕಣದಾಗೆ ರಾಶಿ ಅಳೆಯೋದು. ಮೊದಲನೇ ಕೊಳಗ ಅಳೆದಾಗ ಒಂದು ಅಂತಿರಲಿಲ್ಲ. ಲಾಭ ಅಂತಿದ್ರು. ಆಮೇಲೆ ಎರಡು, ಮೂರು.”

ನಾವು ಕೇಳಿದೆವು: “ಅಜ್ಜಿ, ಇದನ್ನ ಬರೆದಿಡಬಾರದಾ? ಈಗ ನಿಮಗೆ ಬರೆಯೋಕೆ ಬರುತ್ತಲ್ಲ.”

ಊರಿಗೆ ಬಂದ ಮೇಲೆ ಅಜ್ಜಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದರು. ಮೊದಲ ಸಾಲು ಹೀಗಿತ್ತು: ‘ನಮ್ಮನೆ ಕೊಳಗ.’ ಕೊಂಬು ಕೊಳೆ ತಿದ್ದಿದ್ದು ಮೊಮ್ಮಗಳು. ಓದಿಸಿ ಕೇಳಿದ್ದು ಮಗ. ಅವನು ಮಾರನೇ ದಿನ ಅಟ್ಟದಿಂದ ಹಳೇ ಸೇರು ಇಳಿಸಿ, ತೊಳೆದಿಟ್ಟ.

ಊರಿಗೆಲ್ಲ ವಸ್ತು ಸಂಗ್ರಹಾಲಯ ಕಟ್ಟಲು ಆಗಲಿಕ್ಕಿಲ್ಲ. ಆದರೆ ಸಾಮಾನಿನ ಹೆಸರು, ಅದರ ಬಳಕೆ ಬರೆದಿಡಲು ಒಂದು ಹಾಳೆ ಸಾಕು.

ಬನ್ನಿ, ಬರೆಯೋಣ:
1. ನಿಮ್ಮ ಮನೆಯ ಒಂದು ಹಳೆ ಸಾಮಾನಿನ ಹೆಸರು ಬರೆಯಿರಿ.
2. ಅದನ್ನು ಯಾರು, ಯಾವ ಕೆಲಸಕ್ಕೆ ಬಳಸುತ್ತಿದ್ದರು?
3. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ.