ಹೆಸರು ಬಿಡಬೇಡ, ತಮಾ
(ಹಿಪ್-ಹಾಪ್ ಪಾಡ್‌ಕಾಸ್ಟ್ ಶುರುಮಾಡಹೊರಟವನಿಗೆ ದೊಡ್ಡಪ್ಪನ ಕಿವಿಮಾತು)

ತಮಾ, ಚಂದಗುಳಿ ಮನೆಯ ಅಟ್ಟ ಹತ್ತಿ ಕೂತು ಹಳೆಯ ಹಿಪ್-ಹಾಪ್ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುತ್ತೀಯಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಸ್ವಲ್ಪ ಚಿಂತೆ, ಸ್ವಲ್ಪ ಹೆಮ್ಮೆ. ನನಗಂತೂ ಖುಷಿಯೇ. ತಾಳಮದ್ದಳೆಯಲ್ಲಿ ಅರ್ಥ ಹೇಳಿಕೊಂಡು ತಲೆ ಹಣ್ಣಾದವ ನಾನು. ಮೈಕಿನ ಮುಂದೆ ಕೂತು ಮಾತಾಡುವವನ ಕಷ್ಟ ಗೊತ್ತು. ರ‍್ಯಾಪನ್ನೂ ಕೇಳಿದ್ದೇನೆ, ನೀನು ಕೇಳಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ. ಬೇಕಾದ್ದು ಇಟ್ಟುಕೋ, ಬೇಡದ್ದು ಬಿಡು.

• ಮೊದಲು ಜಾಗ ನೋಡಿಕೋ. ಬರಿಗೋಡೆಯ ಕೋಣೆಯಲ್ಲಿ ಮಾತು ತಿರುಗಿ ಬಂದು ಬಡಿಯುತ್ತದೆ. ಅಟ್ಟದಲ್ಲಿ ಖಾಲಿ ಅಡಿಕೆ ಚೀಲ, ಹಾಸಿಗೆ, ಕಂಬಳಿ ಇವೆಯಲ್ಲ, ಅವನ್ನು ಕೆಳಗಿಳಿಸಬೇಡ. ಅವೇ ನಿನ್ನ ಸ್ಟುಡಿಯೋ. ದುಬಾರಿ ಕಂಡೆನ್ಸರ್ ಮೈಕಿಗೆ ಆಸೆಪಡಬೇಡ. ಅದು ಅಂಗಳದ ನಾಯಿ, ಕೊಟ್ಟಿಗೆಯ ದನ, ಅಡುಗೆಮನೆಯ ಮಿಕ್ಸಿ ಎಲ್ಲವನ್ನೂ ಹಿಡಿಯುತ್ತದೆ. ಸಾಧಾರಣ ಡೈನಾಮಿಕ್ ಮೈಕ್ ಸಾಕು. ಬಾಯಿಗೂ ಅದಕ್ಕೂ ನಡುವೆ ಒಂದು ಗೇಣು ಹೆಚ್ಚಾಯಿತು, ಚೋಟು ಸರಿ. ಹಾಗೆಯೇ ಸ್ವಲ್ಪ ಓರೆಯಾಗಿ ಮಾತಾಡು, ‘ಪ’ ‘ಬ’ಗಳು ಗುದ್ದುವುದಿಲ್ಲ.

• ನಮ್ಮೂರಿನಲ್ಲಿ ಎರಡು ಸದ್ದುಗಳನ್ನು ಯಾವ ಸಾಫ್ಟ್‌ವೇರೂ ಚೆನ್ನಾಗಿ ತೆಗೆಯಲಾರದು. ಒಂದು, ಹೆಂಚಿನ ಮೇಲೆ ಬೀಳುವ ಆಷಾಢದ ಮಳೆ. ಇನ್ನೊಂದು, ಘಂಟೆ ಗಣಪತಿಯ ಘಂಟೆ. ಹರಕೆಯ ಘಂಟೆ ಕಟ್ಟುವವರು ಗುಡಿಗೆ ಬಂದ ಹೊತ್ತಿಗೆ, ಅದರಲ್ಲೂ ಸಂಕಷ್ಟಿಯ ದಿನ, ರೆಕಾರ್ಡಿಂಗಿಗೆ ಕೂರಬೇಡ. ಮಳೆಗಾಲಕ್ಕೆ ಮುಂಚೆಯೇ ನಾಲ್ಕಾರು ಕಂತು ಮುಗಿಸಿ ಇಟ್ಟುಕೋ.

• ಕರೆಂಟು, ನೆಟ್‌ವರ್ಕು ಎರಡನ್ನೂ ನಂಬಬೇಡ. ರೆಕಾರ್ಡ್ ಆದದ್ದನ್ನು ಅಲ್ಲೇ ಇನ್ನೊಂದು ಕಡೆಗೂ ನಕಲು ಮಾಡು. ಒಂದು ಗಂಟೆಯ ಮಾತು 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 58 ಎಂಬಿ ಆಗುತ್ತದೆ. 64ರಲ್ಲಿ, ಮೊನೊ ಆದರೆ, ಅದರ ಅರ್ಧ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಇಳಿಸಿಕೊಳ್ಳುವವನಿಗೆ ಈ ಅರ್ಧ ದೊಡ್ಡದು. ಮಾತೇ ಹೆಚ್ಚಿರುವ ಕಂತಿಗೆ 64 ಸಾಕು.

• ಪೀಠಿಕೆ ಹಿಗ್ಗಿಸಬೇಡ. ನಮ್ಮ ಕೂಟಗಳಲ್ಲಿ ಕೌರವನ ಪೀಠಿಕೆ ಮುಗಿಯುವಷ್ಟರಲ್ಲಿ ಒಂದು ನಿದ್ದೆ ತೆಗೆದವರಿದ್ದಾರೆ, ಆದರೆ ಅವರು ಚಾಪೆಯ ಮೇಲಿದ್ದರು. ನಿನ್ನ ಕೇಳುಗ ಬೆರಳಿನಲ್ಲಿ ನಿನ್ನನ್ನು ಮುಂದೆ ತಳ್ಳುತ್ತಾನೆ. ‘ಎಲ್ಲರಿಗೂ ನಮಸ್ಕಾರ, ಹೇಗಿದ್ದೀರಿ’ ಅನ್ನುತ್ತ ಎರಡು ನಿಮಿಷ ಕಳೆಯುವ ಚಾಳಿ ಬೇಡ.

• ಮೊದಲ ಕಂತಿನಲ್ಲೇ ಹಿಪ್-ಹಾಪ್ ಚರಿತ್ರೆ ಪೂರ್ತಿ ಹೇಳಲು ಹೊರಡಬೇಡ. ಒಂದು ರಾತ್ರಿ ಹಿಡಿ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಜ್‌ವಿಕ್ ಅವೆನ್ಯೂ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮೊದಲು ಬಟ್ಟೆಗೆ ದುಡ್ಡು ಮಾಡಿಕೊಳ್ಳಲು ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಪಾರ್ಟಿ ಇಟ್ಟಳು. ಕೈಬರಹದ ಚೀಟಿಯಲ್ಲಿ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ತಿರುಗಿಸಿದವನು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ಬಂದವನು. ಜನ ಅವನನ್ನು ಡಿಜೆ ಕೂಲ್ ಹರ್ಕ್ ಅಂದರು. ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ಜಾಗದಲ್ಲಿ ಜನ ಹೆಚ್ಚು ಕುಣಿಯುತ್ತಾರೆ ಅಂತ ಅವನು ಕಂಡುಕೊಂಡ. ಅದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುವಾಗ ಇನ್ನೊಂದರಲ್ಲಿ ಶುರುಮಾಡಿ, ಕೆಲವೇ ಕ್ಷಣಗಳ ಡ್ರಮ್ಮನ್ನು ಎಷ್ಟು ಬೇಕಾದರೂ ಎಳೆದ. ಇದನ್ನು ಮೇಜು ಕುಟ್ಟಿ ತೋರಿಸು. ಹತ್ತು ಪುಟ ಓದುವುದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

• ಇನ್ನು ಹೆಸರಿನ ಮಾತು. ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ. ಹಿಪ್-ಹಾಪ್ ಅನ್ನುವುದು ಬೇರೆಯವರು ನುಡಿಸಿದ್ದರ ಮೇಲೆ ಕಟ್ಟಿದ ಕಲೆ. ಅದರಲ್ಲಿ ತಪ್ಪಿಲ್ಲ, ನಾವೂ ವ್ಯಾಸರ ಮೇಲೆ, ಕುಮಾರವ್ಯಾಸನ ಮೇಲೆಯೇ ಕೂತು ಅರ್ಥ ಹೇಳುತ್ತೇವೆ. ಆದರೆ ನಾವು ಅವರ ಹೆಸರು ಹೇಳುತ್ತೇವೆ. ಜೇಮ್ಸ್ ಬ್ರೌನ್ 1970ರಲ್ಲಿ ಹೊರತಂದ ‘ಫಂಕಿ ಡ್ರಮ್ಮರ್’ ಹಾಡಿನ ಡ್ರಮ್ ತುಣುಕು ಎಷ್ಟು ರ‍್ಯಾಪ್ ಹಾಡುಗಳಲ್ಲಿ ಬಂದಿದೆಯೆಂದು ಎಣಿಸುವುದೇ ಕಷ್ಟ. ಪಬ್ಲಿಕ್ ಎನಿಮಿಯ 1989ರ ‘ಫೈಟ್ ದ ಪವರ್’ ಅವುಗಳಲ್ಲೊಂದು. ನುಡಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡಿನ ಹಕ್ಕಿನಲ್ಲಿ ಅವನ ಹೆಸರಿರಲಿಲ್ಲ, ಹಾಗಾಗಿ ಆ ಹಾಡುಗಳ ರಾಯಧನ ಅವನ ಕೈಗೆ ಬರಲಿಲ್ಲ. 2017ರಲ್ಲಿ ತೀರಿಕೊಂಡ. ‘ಆಮೆನ್ ಬ್ರೇಕ್’ ಎಂದು ಹೆಸರಾದ ಏಳು ಸೆಕೆಂಡಿನ ತುಣುಕನ್ನು ನುಡಿಸಿದ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್‌ನ ಕತೆ ಇನ್ನೂ ಕೆಟ್ಟದ್ದು: 2006ರಲ್ಲಿ ಮನೆಮಠ ಇಲ್ಲದೆ ಸತ್ತ. ನಿನ್ನ ಪ್ರತಿ ಕಂತಿನಲ್ಲಿ, ಹಾಡಿದವನ ಹೆಸರಾದ ಮೇಲೆ, ಬೀಟ್ ಮಾಡಿದವನ ಹೆಸರು, ಆ ಬೀಟಿನ ಕೆಳಗೆ ಯಾರ ರೆಕಾರ್ಡ್ ಇದೆ ಅನ್ನುವುದು, ಅದರಲ್ಲಿ ನುಡಿಸಿದವರು ಯಾರು, ಇಷ್ಟನ್ನು ಬಾಯಿಂದ ಹೇಳು. ವಿವರಣೆಯಲ್ಲಿ ಬರೆದಿದ್ದೇನೆ ಅನ್ನಬೇಡ, ಅದನ್ನು ಯಾರೂ ಓದುವುದಿಲ್ಲ.

• ಈ ಹೆಸರಿನ ಲೆಕ್ಕ ನಮ್ಮ ಬಾಗಿಲಿಗೂ ಬರುತ್ತದೆ. ಯಲ್ಲಾಪುರ ತಾಲೂಕಿನಲ್ಲಿ ಕೂತು ಆಫ್ರಿಕಾ ಮೂಲದ ಸಂಗೀತದ ಬಗ್ಗೆ ಮಾತಾಡುವವನು ಅದೇ ಮೂಲದ ಸಿದ್ದಿಗಳ ಡಮಾಮಿ ವಾದ್ಯವನ್ನು ಕೇಳದೆ ಹೋದರೆ ಹೇಗೆ? ಆದರೆ ಹೋಗುವಾಗ ಒಂದು ಮಾತು ಮನೆಯಲ್ಲೇ ಬಿಟ್ಟುಹೋಗು: ‘ತಾಳ ಅವರ ರಕ್ತದಲ್ಲೇ ಇದೆ’ ಅನ್ನುವುದು. ಕೇಳಲು ಹೊಗಳಿಕೆ, ಅರ್ಥ ಮಾತ್ರ ಅವರು ಕಲಿತದ್ದು, ಬೆವರು ಸುರಿಸಿದ್ದು ಏನೂ ಇಲ್ಲ ಅಂತ. ನಮ್ಮ ಭಾಗವತರ ಬಗ್ಗೆ ಯಾರಾದರೂ ಹಾಗೆ ಅನ್ನುತ್ತಾರೆಯೇ? ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ನಿನ್ನ ಹಾಗೆಯೇ ಕನ್ನಡ, ಕೊಂಕಣಿ ಆಡುತ್ತಾರೆ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬ್ರಾಂಕ್ಸ್ ಅವರಿಗೂ ನಿನಗೂ ಒಂದೇ ದೂರ. ಡಮಾಮಿಗೆ ಚರ್ಮ ಹೇಗೆ ಬಿಗಿಯುತ್ತಾರೆ, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ನುಡಿಸುತ್ತಾರೆ, ಯಾವಾಗ ನುಡಿಸುವುದಿಲ್ಲ, ಇವನ್ನು ಕೇಳು.

• ಹಾಗೆ ಹೋದಾಗ ಗೌರವಧನ ಕೊಡು, ರೆಕಾರ್ಡಿಂಗಿಗೆ ಮೊದಲೇ. ಒಪ್ಪಿಗೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೋ: ಹೆಸರು, ಊರು, ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬೇಡ. ‘ಸ್ಥಳೀಯ ಕಲಾವಿದರು’ ಅಂತ ಹೇಳಿ ದಾಟಬೇಡ. ಅದು ಸ್ಟಬಲ್‌ಫೀಲ್ಡನಿಗೆ ಆದದ್ದನ್ನೇ ಇಲ್ಲಿ ಮತ್ತೆ ಮಾಡಿದಂತೆ. 2021ರ ‘ಸಲಗ’ ಸಿನಿಮಾಕ್ಕೆ ಚರಣ್ ರಾಜ್ ಸಂಗೀತದಲ್ಲಿ ‘ಟಿಣಿಂಗ ಮಿಣಿಂಗ ಟಿಶ್ಯಾ’ ಬಂದಾಗ ಊರೂರಲ್ಲಿ ಅದೇ ಹಾಡು. ಹಾಡಿದ್ದು ಸಿದ್ದಿ ಕಲಾವಿದರು. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿಯೂ ಅವರಲ್ಲೊಬ್ಬರು. ಹಾಡಿಗೆ ಕುಣಿದ ನಿನ್ನ ಗೆಳೆಯರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು, ವಿಚಾರಿಸಿ ನೋಡು.

• ‘ರ‍್ಯಾಪ್ ಅಂದರೆ ಅವರ ತಾಳಮದ್ದಳೆ’ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಬೇಡ. ನನ್ನಂಥವರು ಹಿಗ್ಗುತ್ತಾರೆ, ಆದರೆ ಪೂರ್ತಿ ನಿಜವಲ್ಲ. ಎದುರಾಳಿಯ ಮಾತು ಹಿಡಿದು ಅಲ್ಲೇ ತಿರುಗಿಸಿ ಹೊಡೆಯುವುದು ಎರಡರಲ್ಲೂ ಉಂಟು. ಆದರೆ ನಮ್ಮಲ್ಲಿ ಪ್ರಸಂಗ ಮೊದಲೇ ನಿಶ್ಚಯವಾದದ್ದು. ಕರ್ಣ ಎಷ್ಟೇ ಚೆನ್ನಾಗಿ ವಾದ ಮಾಡಲಿ, ಬೆಳಗಾಗುವುದರೊಳಗೆ ಅವನು ಬೀಳಲೇಬೇಕು. ರ‍್ಯಾಪ್ ಬ್ಯಾಟಲ್‌ನಲ್ಲಿ ಯಾರು ಬೀಳುತ್ತಾರೆ ಅಂತ ನಿಂತವರಿಗೇ ಗೊತ್ತಿರುವುದಿಲ್ಲ. ಈ ವ್ಯತ್ಯಾಸದ ಮೇಲೆಯೇ ಒಂದು ಕಂತು ಮಾಡಬಹುದು. ಬೇಕಾದರೆ ನನ್ನನ್ನು ಕರೆ, ಜಗಳಕ್ಕೆ ತಯಾರಾಗಿ ಬರುತ್ತೇನೆ.

• ಹಾಡು ಹಾಕುವ ವಿಷಯ. ‘ಮೂವತ್ತು ಸೆಕೆಂಡ್ ಹಾಕಿದರೆ ಏನೂ ಆಗುವುದಿಲ್ಲ’ ಅನ್ನುವವರ ಮಾತು ಕೇಳಬೇಡ. ಕಾನೂನಿನಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಅಂದರೆ ಆ ತುಣುಕಿನ ಬಗ್ಗೆ ನಿಜವಾಗಿ ಮಾತಾಡಬೇಕು, ಅಗತ್ಯವಿರುವಷ್ಟೇ ಹಾಕಬೇಕು. ಇಷ್ಟೆಲ್ಲ ಮಾಡಿದರೂ ವೇದಿಕೆಗಳ ಯಂತ್ರ ಹಾಡನ್ನು ಗುರುತಿಸಿ ಕಂತನ್ನೇ ಎತ್ತಿಹಾಕಬಹುದು. ಹಾಗಾಗಿ ಹಾಡಿಲ್ಲದೆಯೂ ನಿಲ್ಲುವಂತೆ ಮಾತು ಕಟ್ಟು. ಹಾಡುಗಳ ಪಟ್ಟಿ ಬೇರೆ ಕೊಡು, ಕೇಳುಗರು ಹುಡುಕಿಕೊಳ್ಳಲಿ.

• ಬೈಗುಳ ಬರುತ್ತವೆ. ಕದ್ದು ಕತ್ತರಿಸಬೇಡ. ಶುರುವಿನಲ್ಲೇ ಹೇಳು, ಕಂತಿಗೆ ‘ಎಕ್ಸ್‌ಪ್ಲಿಸಿಟ್’ ಗುರುತು ಹಾಕು. ಹೆಂಗಸರನ್ನು ಹೀನಾಯ ಮಾಡುವ ಸಾಲು ಬಂದರೆ ಮಾತ್ರ ‘ಆ ಕಾಲವೇ ಹಾಗಿತ್ತು’ ಅಂತ ಜಾರಿಕೊಳ್ಳಬೇಡ, ನಿನ್ನ ಅಭಿಪ್ರಾಯ ಹೇಳು.

• ಅತಿಥಿ ಅಂದರೆ ದೊಡ್ಡ ಹೆಸರೇ ಆಗಬೇಕಿಲ್ಲ. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ಮಾಡಿದಾಗ ರಾಮನ ಸ್ತುತಿಯನ್ನೂ ಇಂಗ್ಲಿಷ್ ರ‍್ಯಾಪನ್ನೂ ಒಂದೇ ತಾಳದಲ್ಲಿ ಕೂರಿಸಿದ. ಅವನೂ ಸ್ಮೋಕಿ ದ ಘೋಸ್ಟೂ ‘ಮಚ್ಚಾಸ್ ವಿತ್ ಆ್ಯಟಿಟ್ಯೂಡ್’ ಅಂತ ಒಟ್ಟಿಗೆ ಶುರುಮಾಡಿದವರು. ಅಂಥವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹುಬ್ಬಳ್ಳಿಯಲ್ಲೋ ಶಿರಸಿಯಲ್ಲೋ ಹಾಸ್ಟೆಲ್ ಕೋಣೆಯಲ್ಲಿ ಕನ್ನಡದಲ್ಲಿ ಬರೆಯುತ್ತಿರುವ ಹುಡುಗ ಹುಡುಗಿಯರನ್ನು ಹಿಡಿ. ನ್ಯೂಯಾರ್ಕಿನ ಡಬ್ಲ್ಯುಕೆಸಿಆರ್ ಎಂಬ ಕಾಲೇಜು ರೇಡಿಯೋದಲ್ಲಿ 1990ರಿಂದ 1998ರವರೆಗೆ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬ್ಬಿಟೊ ರಾತ್ರಿ ಒಂದರಿಂದ ಬೆಳಗಿನ ಐದರವರೆಗೆ ಮಾಡಿದ್ದು ಇದನ್ನೇ. ಕಂಪನಿಯ ಒಪ್ಪಂದವೂ ಇಲ್ಲದ ಹುಡುಗರನ್ನು ಕರೆದು ಮೈಕ್ ಕೊಟ್ಟರು. ಅವರಲ್ಲಿ ನಾಸ್, ಬಿಗಿ, ಜೇ-ಜಿ ಇದ್ದರು. ಕೇಳುಗರು ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ಕೈಯಿಂದ ಕೈಗೆ ದಾಟಿಸಿದರು.

• ಅತಿಥಿಯ ಹಾಡುಗಳನ್ನೆಲ್ಲ ಕೇಳಿಯೇ ಕೂರು. ‘ನಿಮಗೆ ಸ್ಫೂರ್ತಿ ಯಾರು’ ಅಂತ ಕೇಳಬೇಡ. ‘ಎರಡನೇ ಚರಣದಲ್ಲಿ ಬೀಟ್ ನಿಲ್ಲಿಸಿದ್ದು ಯಾಕೆ’ ಅಂತ ಕೇಳು. ಉತ್ತರ ತಡವಾದರೆ ಕಾಯು. ನಡುವೆ ‘ಹೌದು ಹೌದು’ ಅನ್ನುವ ನಿನ್ನ ಅಭ್ಯಾಸ ಎಡಿಟಿಂಗಿನಲ್ಲಿ ಪ್ರಾಣ ತೆಗೆಯುತ್ತದೆ. ದೂರದವರಾದರೆ ಇಬ್ಬರೂ ಅವರವರ ಫೋನಿನಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಿ. ಕರೆಯಲ್ಲಿ ಬಂದ ದನಿ ನೆಚ್ಚಬೇಡ.

• ಹದಿನೈದು ದಿನಕ್ಕೊಂದು ಕಂತು ಸಾಕು, ಆದರೆ ಹೇಳಿದ ದಿನ ತಪ್ಪಿಸಬೇಡ. ಕೊನೆಕೊಯ್ಲು ಶುರುವಾದ ಮೇಲೆ ರಾತ್ರಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂರುತ್ತಾರೆ; ಈಗ ಅವರಲ್ಲಿ ಅರ್ಧ ಜನರ ಕಿವಿಯಲ್ಲಿ ಇಯರ್‌ಫೋನ್. ಸಂಜೆ ಏಳರೊಳಗೆ ಕಂತು ಹಾಕು. ಕೈ ಎರಡೂ ಕೆಲಸದಲ್ಲಿರುವುದರಿಂದ ಅವರು ನಿನ್ನನ್ನು ಮುಂದೆ ತಳ್ಳಲಾರರು.