ವೆಬ್ ಅಸೆಂಬ್ಲಿ ಎಂದರೇನು?

ಹೋದ ತಿಂಗಳು ಅಣ್ಣನ ಕಂಪ್ಯೂಟರಿಗೆ ನಾನು ಒಂದು ಆಟ ಇಳಿಸಿಕೊಂಡೆ. ಆಟದ ಜೊತೆ ವೈರಸ್ಸೂ ಬಂತು. ಅಕ್ಕನ ಮದುವೆ ಫೋಟೋಗಳೆಲ್ಲ ಹೋದವು. ಅವ್ವ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಆಮೇಲೆ ಒಂದಿನ ಅಣ್ಣ ಬ್ರೌಸರಿನಲ್ಲೇ ಒಂದು ಆಟ ತೆರೆದ. “ಇದೂ ಯಾರೋ ಬರೆದದ್ದೇ ಅಲ್ಲವಾ, ಇದಕ್ಕೆ ಹೆದರಿಕೆ ಇಲ್ಲವಾ?” ಅಂತ ಕೇಳಿದೆ. “ಇದು ವೆಬ್ ಅಸೆಂಬ್ಲಿ” ಅಂದ. ಅವನು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಜಾವಾಸ್ಕ್ರಿಪ್ಟ್ 1995ರಲ್ಲಿ ಹುಟ್ಟಿದ ಬ್ರೌಸರಿನ ಭಾಷೆ. ಅದು ಅಕ್ಷರ ರೂಪದಲ್ಲೇ ಬರುತ್ತದೆ. ಬ್ರೌಸರ್ ಅದನ್ನು ಓದಿ ಅರ್ಥ ಮಾಡಿಕೊಂಡು ನಡೆಸಬೇಕು. ದೊಡ್ಡ ಆಟ, ಚಿತ್ರ ತಿದ್ದುವ ಕೆಲಸಗಳಿಗೆ ಈ ವೇಗ ಸಾಲಲಿಲ್ಲ. ಆದ್ದರಿಂದ ಮೊಜಿಲ್ಲಾ, ಗೂಗಲ್, ಮೈಕ್ರೋಸಾಫ್ಟ್, ಆಪಲ್ ಸಂಸ್ಥೆಗಳ ಎಂಜಿನಿಯರುಗಳು ಕೂಡಿ ವೆಬ್ ಅಸೆಂಬ್ಲಿಯನ್ನು ರೂಪಿಸಿದರು. 2015ರಲ್ಲಿ ಇದನ್ನು ಪ್ರಕಟಿಸಿದರು. 2017ರ ಹೊತ್ತಿಗೆ ನಾಲ್ಕೂ ದೊಡ್ಡ ಬ್ರೌಸರುಗಳಿಗೆ ಬಂತು. 2019ರ ಡಿಸೆಂಬರಿನಲ್ಲಿ ವೆಬ್‌ನ ಅಧಿಕೃತ ಭಾಷೆಯಾಯಿತು.

ಸಿ, ರಸ್ಟ್ ಮುಂತಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಮೊದಲೇ ಚಿಕ್ಕ ಚಿಕ್ಕ ಆಜ್ಞೆಗಳ ಅಂಕಿಗಳಾಗಿ ಬದಲಿಸಿ ಇಡುತ್ತಾರೆ. ಇದೇ ಬೈಟ್‌ಕೋಡ್. ಪ್ರತಿ ಫೈಲಿನ ಮೊದಲ 4 ಬೈಟುಗಳು 0, 97, 115, 109. ಇದು ಯಾವ ಒಂದು ಯಂತ್ರದ ಭಾಷೆಯೂ ಅಲ್ಲ. ಬ್ರೌಸರ್ ಅದನ್ನು ತಾನಿರುವ ಯಂತ್ರದ ಭಾಷೆಗೆ ಬೇಗ ತಿರುಗಿಸುತ್ತದೆ. ಹಾಗಾಗಿ ಒಂದೇ ಫೈಲು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಓಡುತ್ತದೆ.

ಲೆಕ್ಕ ಮಾಡುವ ರೀತಿ ಬಿಸಿಯೂಟದ ತಟ್ಟೆ ಜೋಡಿಸಿದ ಹಾಗೆ. 7 + 5 ಮಾಡಬೇಕೆನ್ನಿ:
1. 7ರ ತಟ್ಟೆ ಇಡು.
2. ಅದರ ಮೇಲೆ 5ರ ತಟ್ಟೆ ಇಡು.
3. ‘ಕೂಡು’ ಅಂದರೆ ಮೇಲಿನ ಎರಡನ್ನೂ ತೆಗೆದು 12ರ ತಟ್ಟೆ ಇಡು.

ಇನ್ನು ಸುರಕ್ಷತೆ. ಒಂದು, ಓಡಿಸುವ ಮೊದಲೇ ಬ್ರೌಸರ್ ಎಲ್ಲ ಆಜ್ಞೆಗಳನ್ನೂ ಪರೀಕ್ಷಿಸುತ್ತದೆ. ಒಂದೇ ತಟ್ಟೆ ಇರುವಾಗ ‘ಕೂಡು’ ಅಂದರೆ ಫೈಲನ್ನೇ ತಿರಸ್ಕರಿಸುತ್ತದೆ. ಎರಡು, ಪ್ರೋಗ್ರಾಮಿಗೆ ಅದರದೇ ಬೇರೆ ಮೆಮೊರಿ ಕೊಡುತ್ತದೆ. ಗೂಟಕ್ಕೆ ಕಟ್ಟಿದ ದನ ಹಗ್ಗದಷ್ಟೇ ದೂರ ಮೇಯುವ ಹಾಗೆ. ಆಚೆ ಬಾಯಿ ಹಾಕಿದರೆ ಅಲ್ಲೇ ನಿಲ್ಲಿಸುತ್ತದೆ. ಮೂರು, ನಮ್ಮ ಫೋಟೋ, ಫೈಲುಗಳನ್ನು ಅದು ತಾನಾಗಿ ತೆರೆಯಲಾರದು.

ಆದರೂ ಎಚ್ಚರ ಬೇಕು. ಬ್ರೌಸರಿನಲ್ಲೇ ದೋಷ ಇದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅದನ್ನು ಆಗಾಗ ಅಪ್‌ಡೇಟ್ ಮಾಡಬೇಕು. ಪಾಸ್‌ವರ್ಡನ್ನು ನಾವೇ ಹೇಳಿಬಿಟ್ಟರೆ ಯಾವ ಹಗ್ಗವೂ ಉಳಿಸದು. ಫೋಟೋ ಕಳೆದ ಮೇಲೆ ನಾನು ಕಲಿತದ್ದು ಇದು.

ಪ್ರಶ್ನೆ: (8 − 3) × 2 ಮಾಡಲು ತಟ್ಟೆಗಳನ್ನು ಹೇಗೆ ಇಡುವಿರಿ? ಉತ್ತರ ಬರೆದು ಇದರ ಕೆಳಗೆ ಅಂಟಿಸಿರಿ.