ಲಂಡನ್ನಿನ ಒಂದು ಸಂಜೆ, ಮೈಸೂರಿನ ಒಂಬತ್ತು ಸಂಜೆ

ಮೈಸೂರಿನ ಸಿದ್ಧಾರ್ಥನಗರಕ್ಕೆ ಹೊಸದಾಗಿ ಬಂದು ನೆಲೆಸಿದವರಿಗೆ ಮೊದಲ ದಸರೆ ಒಂದು ಸೋಜಿಗವೇ. ನಜರ್‌ಬಾದ್ ದಾಟಿ ಅರಮನೆಯ ಕಡೆಗೆ ನಡೆದರೆ ದಾರಿಯುದ್ದಕ್ಕೂ ದೀಪ. ಅರಮನೆಯ ಅಂಗಳದಲ್ಲಿ ಸಂಜೆಯಾಗುತ್ತಲೇ ಹಾಡು, ನೃತ್ಯ, ವಾದ್ಯ, ಜಾನಪದ ಕುಣಿತ, ಒಂದಾದ ಮೇಲೊಂದು. "ಇದೆಲ್ಲ ಯಾವಾಗ ಶುರುವಾಯಿತು, ಯಾರಿಗೋಸ್ಕರ ಶುರುವಾಯಿತು?" ಎಂದು ಕೇಳುವವರಿಗೆ ಈ ಪರಿಚಯ. ಮೊದಲೇ ಏನೂ ತಿಳಿದಿರಬೇಕಾಗಿಲ್ಲ. ನಿಧಾನವಾಗಿ ಹೋಗೋಣ.

ದೊರೆಯ ಎದುರಿಗೆ ಕಲಾವಿದರು ಬಂದು ತಮ್ಮ ವಿದ್ಯೆ ತೋರಿಸುವ ಸಂಜೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳ ಬಗ್ಗೆ ಓದುವಾಗ ನಮ್ಮ ಕಣ್ಣು ಸಿಂಹಾಸನದ ಮೇಲೆ, ವೇದಿಕೆಯ ಮೇಲೆ ನಿಲ್ಲುತ್ತದೆ. ನಾನು ಕಲಿಸುವಾಗ ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಶ್ನೆಯನ್ನು ಕೈಗೆ ಕೊಡುತ್ತೇನೆ: ಸಂಜೆ ಮುಗಿದ ಮೇಲೆ, ಮರುದಿನ ಬೆಳಿಗ್ಗೆ, ಆ ಕಲಾವಿದರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು? ಆ ಪ್ರಶ್ನೆ ಹಿಡಿದು ಹೊರಟರೆ ಲಂಡನ್ನೂ ಮೈಸೂರೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಮೊದಲು ಲಂಡನ್. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದುಡಿಯುವ ಜನರ ಸಂಜೆಯ ಮನರಂಜನೆ ಎಂದರೆ ಮ್ಯೂಸಿಕ್ ಹಾಲ್. ತಿಂಡಿ, ಕುಡಿತ, ನಡುನಡುವೆ ಹಾಡು, ಹಾಸ್ಯ, ಜಾದೂ, ಕಸರತ್ತು. ಇದೇ ಬೆಳೆದು ದೊಡ್ಡ ರಂಗಮಂದಿರಗಳಿಗೆ ಬಂದಾಗ 'ವೆರೈಟಿ' ಎಂಬ ಹೆಸರಾಯಿತು. ಅರಸು ಮನೆತನದವರು ಒಪೆರಾಕ್ಕೆ ಹೋಗುತ್ತಿದ್ದರು, ನಾಟಕಕ್ಕೆ ಹೋಗುತ್ತಿದ್ದರು. ಮ್ಯೂಸಿಕ್ ಹಾಲ್‌ನ ಹಾಡುಗಾರರಿಗೆ ಮಾತ್ರ ಆ ಮರ್ಯಾದೆ ಸಿಕ್ಕಿರಲಿಲ್ಲ. ಅದಕ್ಕೇ 1912ರ ಜುಲೈ 1 ಅವರ ಪಾಲಿಗೆ ದೊಡ್ಡ ದಿನ. ದೊರೆ ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಲಂಡನ್ನಿನ ಪ್ಯಾಲೆಸ್ ಥಿಯೇಟರಿಗೆ ಬಂದು ವೆರೈಟಿ ಕಲಾವಿದರ ಪ್ರದರ್ಶನವನ್ನು ಕೂತು ನೋಡಿದರು. ಇಂಥ ಪ್ರದರ್ಶನ ಹಿಂದಿನ ವರ್ಷವೇ ಎಡಿನ್‌ಬರೋದಲ್ಲಿ ಆಗಬೇಕಿತ್ತು. ಆದರೆ 1911ರ ಮೇ ತಿಂಗಳಲ್ಲಿ ಅಲ್ಲಿನ ಎಂಪೈರ್ ಪ್ಯಾಲೆಸ್ ರಂಗಮಂದಿರಕ್ಕೆ ಬೆಂಕಿ ಬಿದ್ದು, 'ಗ್ರೇಟ್ ಲಾಫಯೆಟ್' ಎಂದು ಹೆಸರಾಗಿದ್ದ ಜಾದೂಗಾರನೂ ಅವನ ತಂಡದ ಹಲವರೂ ಸತ್ತರು.

ಲಂಡನ್ನಿನ ಆ ಸಂಜೆ ಪುರುಷ ವೇಷಕ್ಕೆ ಹೆಸರಾದ ವೆಸ್ಟಾ ಟಿಲ್ಲಿ ಪ್ಯಾಂಟು ತೊಟ್ಟು ರಂಗಕ್ಕೆ ಬಂದಾಗ ರಾಣಿ ಮುಖ ತಿರುಗಿಸಿದಳು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು, ರಂಗಕ್ಕೆ ಬಾರದೇ ಉಳಿದವಳ ಕಥೆ. ಮ್ಯೂಸಿಕ್ ಹಾಲ್‌ನ ಅತಿ ಜನಪ್ರಿಯ ಗಾಯಕಿ ಮೇರಿ ಲಾಯ್ಡ್‌ಳನ್ನು ಕರೆಯಲೇ ಇಲ್ಲ. ಅವಳ ಹಾಡುಗಳಲ್ಲಿ ತುಂಟತನ ಹೆಚ್ಚು ಎಂಬುದು ಒಂದು ನೆಪ. 1907ರಲ್ಲಿ ರಂಗಮಂದಿರಗಳ ಮಾಲೀಕರ ವಿರುದ್ಧ ಕಲಾವಿದರು ಮುಷ್ಕರ ಹೂಡಿದಾಗ, ಕೈತುಂಬ ಸಂಪಾದನೆಯಿದ್ದರೂ ಅವಳು ಸಣ್ಣ ಸಂಬಳದವರ ಪರವಾಗಿ ನಿಂತಿದ್ದಳು ಎಂಬುದನ್ನೂ ಮರೆಯಬಾರದು. ಅದೇ ರಾತ್ರಿ ಅವಳು ಬೇರೊಂದು ರಂಗಮಂದಿರದಲ್ಲಿ ತನ್ನದೇ ಪ್ರದರ್ಶನ ಕೊಟ್ಟಳು. ತಾನು ಹಾಡುವುದು ಜನತೆಯ ಅಪ್ಪಣೆಯಂತೆ ಎಂದು ಸಾರುವ ಫಲಕಗಳು ಹೊರಗೆ ತೂಗಿದವು ಎಂದು ಹೇಳುತ್ತಾರೆ.

ಈಗ ನಮ್ಮ ಪ್ರಶ್ನೆ ಕೇಳೋಣ. ಆ ಸಂಜೆಯ ಹಣ ಎಲ್ಲಿಗೆ ಹೋಯಿತು? ವೆರೈಟಿ ಕಲಾವಿದರ ಕ್ಷೇಮನಿಧಿಗೆ. ವಯಸ್ಸಾಗಿ, ಕೆಲಸ ತಪ್ಪಿ, ಕೈ ಬರಿದಾದ ಕಲಾವಿದರಿಗಾಗಿ ಲಂಡನ್ನಿನ ಪಶ್ಚಿಮದ ಟ್ವಿಕನ್‌ಹ್ಯಾಮ್‌ನಲ್ಲಿ ಬ್ರಿನ್ಸ್‌ವರ್ತ್ ಹೌಸ್ ಎಂಬ ಆಶ್ರಯಮನೆ ಆಗಷ್ಟೇ ತೆರೆದಿತ್ತು. ಅದು ಇಂದಿಗೂ ಇದೆ. ನಮ್ಮ ಕಂಪನಿ ನಾಟಕದವರ ಮಾತಿನಲ್ಲಿ ಹೇಳಬೇಕೆಂದರೆ, ದೊರೆ ಬಂದು ಕೂತಿದ್ದು ಒಂದು 'ಬೆನಿಫಿಟ್' ಪ್ರದರ್ಶನಕ್ಕೆ. ಎರಡನೆಯ ಪ್ರದರ್ಶನ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ. 1921ರಿಂದ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ನಡೆದುಬಂತು. 1960ರಿಂದ ಟೀವಿಯಲ್ಲೂ ಬಂತು. 1963ರ ನವೆಂಬರ್ 4ರಂದು ಬೀಟಲ್ಸ್ ಹಾಡಿದಾಗ ಜಾನ್ ಲೆನನ್, ಅಗ್ಗದ ಸೀಟಿನವರು ಚಪ್ಪಾಳೆ ತಟ್ಟಲಿ, ಉಳಿದವರು ಒಡವೆ ಅಲ್ಲಾಡಿಸಿದರೆ ಸಾಕು ಎಂದು ಕೀಟಲೆ ಮಾಡಿದ. ರಾಜಮಾತೆ ಎದುರಿಗೇ ಕೂತಿದ್ದರು.

ಇನ್ನು ಮೈಸೂರು. ನಮ್ಮ ಅಂಬಾವಿಲಾಸ ಅರಮನೆ ಪೂರ್ತಿಯಾದದ್ದೂ 1912ರಲ್ಲೇ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಗಿತ್ತು. ಹೆನ್ರಿ ಅರ್ವಿನ್ ಹಾಕಿದ ನಕ್ಷೆಯಂತೆ ಎದ್ದ ಹೊಸ ಅರಮನೆಯ ದರ್ಬಾರು ಹಾಲ್ ಒಳಗೆ ನಿಂತು ಒಮ್ಮೆ ಪೂರ್ವಕ್ಕೆ ನೋಡಿ. ಒಂದು ಕಡೆ ಗೋಡೆಯೇ ಇಲ್ಲ, ಕಂಬಗಳ ಆಚೆ ಇಡೀ ಅಂಗಳ ತೆರೆದುಕೊಳ್ಳುತ್ತದೆ. ಲಂಡನ್ನಿನಲ್ಲಿ ದೊರೆ ರಂಗಮಂದಿರಕ್ಕೆ ಹೋದ. ಇಲ್ಲಿ ಅರಮನೆಯೇ ರಂಗಮಂದಿರ. ಇನ್ನೂ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ದೊರೆ ಬರೀ ಪ್ರೇಕ್ಷಕನಲ್ಲ. ಸಿಂಹಾಸನವೇರಿ ಕೂತ ಅವನನ್ನು ನೋಡುವುದಕ್ಕೇ ಜನ ಬರುತ್ತಿದ್ದರು.

ದಸರೆಯ ದರ್ಬಾರು ನವರಾತ್ರಿಯ ಸಂಜೆಗಳಲ್ಲಿ ನಡೆಯುತ್ತಿತ್ತು. ಆಹ್ವಾನಿತರು ದರ್ಬಾರು ಪೋಷಾಕು ತೊಟ್ಟು, ಪೇಟ ಸುತ್ತಿ, ತಮ್ಮ ತಮ್ಮ ಅಂತಸ್ತಿನ ಸ್ಥಳದಲ್ಲಿ ಕೂರಬೇಕು. ಪಟ್ಟದ ಆನೆ, ಪಟ್ಟದ ಕುದುರೆ ಬಂದು ಸಲಾಮು ಮಾಡಬೇಕು. ಒಳಗೆ ಆಸ್ಥಾನ ವಿದ್ವಾಂಸರ ಸಂಗೀತ, ನೃತ್ಯ. ಕೆಳಗಿನ ಅಂಗಳದಲ್ಲಿ ಕುಸ್ತಿ, ಕಸರತ್ತು. ಅರಮನೆಯ ಬ್ಯಾಂಡ್ ನುಡಿಸುವ 'ಕಾಯೌ ಶ್ರೀ ಗೌರಿ' ಎಂಬ ಸಂಸ್ಥಾನ ಗೀತೆ. ಒಂದು ಸಂಜೆಯ ದರ್ಬಾರು ಯುರೋಪಿಯನ್ ಅತಿಥಿಗಳಿಗೆ ಮೀಸಲು. ಅರಮನೆಯ ಹೆಂಗಸರು ಮರೆಯಲ್ಲಿ ಕೂತು ನೋಡುತ್ತಿದ್ದರು. ವಿಜಯದಶಮಿಯ ಬೆಳಿಗ್ಗೆ ಜಟ್ಟಿ ಪೈಲ್ವಾನರ ವಜ್ರಮುಷ್ಟಿ ಕಾಳಗ: ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಎಂಬ ಮೊನಚು ಆಯುಧ ತೊಟ್ಟು ಸೆಣಸುವುದು, ರಕ್ತದ ಮೊದಲ ಹನಿ ಕಂಡೊಡನೆ ನಿಲ್ಲಿಸುವುದು. ಅದು ಈಗಲೂ ನಡೆಯುತ್ತದೆ. ಬಗೆಬಗೆಯ ವಿದ್ಯೆಗಳನ್ನು ಒಂದೇ ಸಂಜೆಗೆ ಪೋಣಿಸುವ ಕೆಲಸವನ್ನು ಲಂಡನ್ನಿನವರು ವೆರೈಟಿ ಎಂದರು. ನಮ್ಮವರು ಒಡ್ಡೋಲಗ ಎಂದು ಕರೆದು ಎಷ್ಟೋ ಕಾಲದಿಂದ ಮಾಡುತ್ತಲೇ ಬಂದಿದ್ದರು.

ನಾಟಕದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಕನ್ನಡಕ್ಕೆ ಆದ ಲಾಭ ಅಲ್ಲಿದೆ. 1881ರಲ್ಲಿ ಅಧಿಕಾರ ವಹಿಸಿಕೊಂಡ ಹತ್ತನೆಯ ಚಾಮರಾಜ ಒಡೆಯರ್ ರಂಗಭೂಮಿಯ ಭಕ್ತರು. ಹೊರಗಿನಿಂದ ಬಂದ ಮರಾಠಿ, ಪಾರ್ಸಿ ಕಂಪನಿಗಳ ನಾಟಕ ನೋಡಿದ ಮೈಸೂರಿಗೆ ಇಂಥದ್ದು ಕನ್ನಡದಲ್ಲಿ ಏಕಿಲ್ಲ ಎನಿಸಿತು. ಅರಮನೆಯ ಆಶ್ರಯದಲ್ಲಿ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ಹುಟ್ಟಿತು. ಆಡುವುದಕ್ಕೆ ಕನ್ನಡದಲ್ಲಿ ನಾಟಕಗಳು ಬೇಕಲ್ಲ! ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಎನಿಸಿಕೊಂಡರು. ಶೇಕ್ಸ್‌ಪಿಯರನ ಒಥೆಲೊ ಅವರ ಕೈಯಲ್ಲಿ 'ಶೂರಸೇನ ಚರಿತೆ'ಯಾಯಿತು. 'ಕಾಯೌ ಶ್ರೀ ಗೌರಿ' ಬರೆದವರೂ ಅವರೇ. ಒಬ್ಬ ದೊರೆಗೆ ನಾಟಕದ ಹಂಬಲವಿದ್ದುದರಿಂದ ಒಂದು ಭಾಷೆಗೆ ಹೊಸ ಸಾಹಿತ್ಯವೇ ದಕ್ಕಿತು. ಇದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಉಕ್ಕುತ್ತದೆ.

ಆದರೆ ಅರಮನೆಯ ಹೊರಗೆ ಬೆಳೆದ ನಾಟಕ ಮಂಡಳಿಗಳ ಬದುಕು ಬೇರೆ. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ವೀರಣ್ಣನವರ ಕಂಪನಿ ಇವೆಲ್ಲ ಟಿಕೆಟ್ಟಿನ ಹಣವನ್ನೇ ನಂಬಿದ್ದವು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಸಂಬಳವೂ ಇಲ್ಲ. ಅರಸರು ಮೆಚ್ಚಿ ಪದಕ ಕೊಟ್ಟರೆ ಅದು ಕಂಪನಿಯ ಕರಪತ್ರದ ಮೇಲೆ ದಪ್ಪ ಅಕ್ಷರದಲ್ಲಿ ಬೀಳುತ್ತಿತ್ತು, ಮುಂದಿನ ಊರಿನ ಕ್ಯಾಂಪಿಗೆ ನಾಲ್ಕು ಜನ ಹೆಚ್ಚು ಬರುತ್ತಿದ್ದರು. ಕಂಪನಿಯ ನಟನಿಗೆ ಮುಪ್ಪು ಬಂದಾಗ ಬ್ರಿನ್ಸ್‌ವರ್ತ್‌ನಂಥ ಮನೆಯೊಂದು ಇಲ್ಲಿ ಇರಲಿಲ್ಲ.

ಅರಮನೆಯ ಆಶ್ರಯ ಸಿಕ್ಕವರ ಸ್ಥಿತಿ ಹೇಗಿತ್ತು? ಆಸ್ಥಾನ ವಿದ್ವಾನ್ ಎಂದರೆ ಬಿರುದಷ್ಟೇ ಅಲ್ಲ, ತಿಂಗಳ ಸಂಬಳದ ನೌಕರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಇವರೆಲ್ಲ ಆ ಸಾಲಿನಲ್ಲಿದ್ದರು. ಬದುಕಿನ ಕೊನೆಯಲ್ಲಿ ಇದೇ ಸಾಲಿಗೆ ಸೇರಿದ ಒಬ್ಬಾಕೆಯ ಕಥೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಲಂಡನ್ನಿನ ಆ ದೊರೆಯನ್ನೂ ನಮ್ಮ ಊರನ್ನೂ ಒಂದೇ ಎಳೆಗೆ ಕಟ್ಟುತ್ತದೆ.

ಗೌಹರ್ ಜಾನ್ ಕಲ್ಕತ್ತೆಯ ಗಾಯಕಿ. 1902ರಲ್ಲಿ ಗ್ರಾಮೊಫೋನ್ ಕಂಪನಿಯವರು ಭಾರತಕ್ಕೆ ಬಂದು ಹಾಡು ಮುದ್ರಿಸಿಕೊಂಡಾಗ ಹಾಡಿದ ಮೊದಲಿಗರಲ್ಲಿ ಒಬ್ಬಳು. ದೇಶದ ಮೂಲೆಮೂಲೆಯಲ್ಲಿ ಅವಳ ತಟ್ಟೆಗಳು ತಿರುಗಿದವು. 1911ರ ಡಿಸೆಂಬರ್‌ನ ದೆಹಲಿ ದರ್ಬಾರಿನಲ್ಲಿ, ಅಲಹಾಬಾದಿನ ಜಾನಕಿಬಾಯಿಯ ಜೊತೆಗೂಡಿ ಐದನೆಯ ಜಾರ್ಜ್‌ನ ಎದುರು ಹಾಡಿದಳು. ಅಲ್ಲಿಂದ ಏಳನೆಯ ತಿಂಗಳಿಗೆ ಅದೇ ಜಾರ್ಜ್ ಲಂಡನ್ನಿನ ಪ್ಯಾಲೆಸ್ ಥಿಯೇಟರಿನಲ್ಲಿ ಕೂತಿದ್ದ. ಗೌಹರ್‌ಗೆ ಮುಂದಿನ ವರ್ಷಗಳು ಕೈ ಹಿಡಿಯಲಿಲ್ಲ. ಕೋರ್ಟು ಕಚೇರಿಯಲ್ಲಿ ಹಣ ಕರಗಿತು, ನಂಬಿದವರು ದೂರವಾದರು. 1928ರಲ್ಲಿ ನಾಲ್ವಡಿಯವರು ಅವಳನ್ನು ಮೈಸೂರು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ದಿಲ್‌ಖುಷ್ ಎಂಬ ಮನೆಯಲ್ಲಿ ಉಳಿದು, 1930ರ ಜನವರಿ 17ರಂದು ಇದೇ ಊರಿನಲ್ಲಿ ತೀರಿಕೊಂಡಳು. ಚಕ್ರವರ್ತಿಯ ಎದುರು ಹಾಡಿದ ಕಂಠಕ್ಕೆ ಕೊನೆಗೆ ಅನ್ನ ಕೊಟ್ಟದ್ದು ಮೈಸೂರು.

ನೃತ್ಯದಲ್ಲೂ ಅಂಥದೇ ಒಂದು ಎಳೆ ಇದೆ. ಜಟ್ಟಿ ತಾಯಮ್ಮ ಪೈಲ್ವಾನರ ಮನೆಯಲ್ಲಿ 1857ರಲ್ಲಿ ಹುಟ್ಟಿದವರು. ಮುಖದಲ್ಲೇ ಅರ್ಥ ಮೂಡಿಸುವ ಅಭಿನಯಕ್ಕೆ ಅರಮನೆಯಲ್ಲಿ ಅವರಿಗೆ ಸಾಟಿಯಿರಲಿಲ್ಲ. ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಮನೆಯಿಂದ ಬಂದ ವೆಂಕಟಲಕ್ಷಮ್ಮ ಅವರ ಶಿಷ್ಯೆ. 1939ರಲ್ಲಿ ಆಸ್ಥಾನ ವಿದುಷಿಯಾದರು. ರಾಜರ ಕಾಲ ಹೋದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸ್ವಂತ ನೃತ್ಯಶಾಲೆ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಬಂತು. ಒಂದು ಕಾಲಕ್ಕೆ ದರ್ಬಾರಿನ ಆಹ್ವಾನಿತರಷ್ಟೇ ಕಂಡಿದ್ದ ಅಭಿನಯವನ್ನು ಸಾಮಾನ್ಯ ಮನೆಗಳ ಹೆಣ್ಣುಮಕ್ಕಳು ಫೀಸು ಕಟ್ಟಿ ಕಲಿಯುವಂತಾಯಿತು. ಅರಮನೆಯ ನೆರಳಿಲ್ಲದೆ ಆ ಕಲೆ ಅಲ್ಲಿಯವರೆಗೆ ಉಳಿಯುತ್ತಿರಲಿಲ್ಲ. ಅರಮನೆಯಲ್ಲೇ ಇದ್ದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಎರಡನ್ನೂ ನಾನು ಒಟ್ಟಿಗೆ ನಂಬುತ್ತೇನೆ.

ಕೊನೆಯ ಅರಸರಾದ ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದ ಮೇಲೆ ಅಪಾರ ಪ್ರೀತಿ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಸಂಯೋಜಕ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾದದ್ದು ಇವರ ಹಣದಿಂದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಖಾತರಿಯಾಗಿ ನಿಂತದ್ದೂ ಇವರೇ. ಆ ಹೊತ್ತಿಗೆ ಭಾರತ ಗಣರಾಜ್ಯವಾಗಿತ್ತು, ಒಡೆಯರು ರಾಜ್ಯಪಾಲರಿಗೆ ಸಮನಾದ ರಾಜಪ್ರಮುಖರಾಗಿದ್ದರು.

ಹಳೆಯ ಅರಸರಿಗೆ ಸರಕಾರ ಕೊಡುತ್ತಿದ್ದ ರಾಜಧನ 1971ರಲ್ಲಿ ರದ್ದಾಯಿತು. ಆ ದಶಕದಿಂದ ದಸರೆ ಸರಕಾರದ ನಾಡಹಬ್ಬ. ವಿಜಯದಶಮಿಯ ಮೆರವಣಿಗೆಯಲ್ಲಿ ಆನೆಯ ಮೇಲಿನ ಅಂಬಾರಿಯಲ್ಲಿ ಅರಸರ ಬದಲಿಗೆ ತಾಯಿ ಚಾಮುಂಡೇಶ್ವರಿ. ಒಳಗೆ ಅರಸು ಮನೆತನದ ಖಾಸಗಿ ದರ್ಬಾರು, ಹೊರಗೆ ಅಂಗಳದಲ್ಲಿ ಎಲ್ಲರ ಕಛೇರಿ. ಕಲಾವಿದರ ಸಂಭಾವನೆ ಈಗ ಸರಕಾರದ ಇಲಾಖೆಯಿಂದ ಬರುತ್ತದೆ, ವಯಸ್ಸಾದ ಕಲಾವಿದರಿಗೆ ಸರಕಾರದ ಮಾಸಾಶನವಿದೆ.

ನಿಮ್ಮ ಮೊದಲ ದಸರೆಗೆ ಒಂದು ಪುಟ್ಟ ಪಾಠಕ್ರಮ. ಹಬ್ಬಕ್ಕೆ ಮೊದಲೇ, ಗದ್ದಲವಿಲ್ಲದ ದಿನ, ಜಗನ್ಮೋಹನ ಅರಮನೆಗೆ ಹೋಗಿ. 1861ರ ಕಟ್ಟಡ ಅದು. ನಾಲ್ವಡಿಯವರ ಮದುವೆಗೆಂದು 1900ರಲ್ಲಿ ಕಟ್ಟಿದ ಅಲ್ಲಿನ ಸಭಾಂಗಣದಲ್ಲಿ ಸಂಗೀತವೂ ನಡೆದಿದೆ, ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳೂ ನಡೆದಿವೆ. ಆಮೇಲೆ ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ನಿಧಾನವಾಗಿ ನಡೆಯಿರಿ. ಆನೆ ಅಂಬಾರಿ ನೋಡಿ ಮುಂದೆ ಹೋಗಿಬಿಡಬೇಡಿ, ವಾದ್ಯ ಹಿಡಿದು ನಡೆಯುತ್ತಿರುವವರನ್ನು ಹುಡುಕಿ. ನವರಾತ್ರಿಯ ಸಂಜೆ ಅರಮನೆ ಅಂಗಳಕ್ಕೆ ಬೇಗ ಹೋದರೆ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಗಾಯಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪಿಟೀಲು, ಮೃದಂಗ, ಘಟದವರ ಹೆಸರಿರುತ್ತದೆ. ಅವನ್ನು ಗುರುತು ಹಾಕಿಕೊಳ್ಳಿ. ಅವರಲ್ಲಿ ಯಾರಾದರೂ ಈ ಊರಿನಲ್ಲೇ ಪಾಠ ಹೇಳುತ್ತಿದ್ದರೆ ನಿಮ್ಮ ಮಗುವನ್ನು ಸೇರಿಸುವ ವಿಚಾರ ಮಾಡಿ. ವಿಜಯದಶಮಿಯ ದಿನ ಹೊಸ ಪಾಠ ಶುರುಮಾಡುವ ರೂಢಿ ಹೇಗೂ ಇದೆ.